ಅಧ್ಯಕ್ಷರು ಅಳಿಸಿದ ಹಾಡು

ಆ ಮಧ್ಯಾಹ್ನ ಹೆಂಗಸರ ಸಾಲುಗಳಲ್ಲಿ ಕೂತಿದ್ದವರು ಅರವತ್ತು ಮಂದಿಗೆ ಕಡಿಮೆಯಿರಲಿಲ್ಲ. ನಮಗೆಲ್ಲ ಅವಮಾನವಾಗಿದೆ ಎಂದು ತೀರ್ಮಾನಿಸಿದವರು ಏಳು ಜನ ಗಂಡಸರು. ಆ ಏಳು ಜನರಲ್ಲಿ ಒಬ್ಬರೂ ನಮ್ಮಲ್ಲಿ ಒಬ್ಬಳನ್ನೂ ಕರೆದು ‘ನಿನಗೇನನ್ನಿಸಿತಮ್ಮ’ ಎಂದು ಕೇಳಲಿಲ್ಲ. ಇಷ್ಟು ವರ್ಷ ಕಳೆದಿದ್ದರೂ ಇದನ್ನು ನೆನೆಸಿಕೊಂಡರೆ ನನಗೆ ಮೈ ಉರಿಯುತ್ತದೆ.

ಎಪ್ಪತ್ತರ ದಶಕ ಅರ್ಧ ಕಳೆದಿತ್ತು. ಕೊಳ್ಳೇಗಾಲದಲ್ಲಿ ನಮ್ಮದು ಮಗ್ಗದ ಮನೆ. ನಾನು ಯಳಂದೂರಿನ ಪ್ರೈಮರಿ ಶಾಲೆಯೊಂದರಲ್ಲಿ ಟೀಚರ್. ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಬಸ್ಸಿನಲ್ಲಿ ಬರುತ್ತಿದ್ದೆ. ನನ್ನ ಸೋದರಮಾವ ಲಾರಿ ಓಡಿಸುತ್ತಿದ್ದರು. ಹನೂರು, ಪಾಲಾರ್ ದಾಟಿ ಮೆಟ್ಟೂರು, ಸೇಲಂ, ಒಮ್ಮೊಮ್ಮೆ ಮದರಾಸಿನವರೆಗೂ ಹೋಗುತ್ತಿದ್ದರು. ಒಂದು ಸಲ ಮದರಾಸಿನಿಂದ ಬಂದವರು ಇಟ್ಟಿಗೆಯಷ್ಟು ದಪ್ಪದ ಒಂದು ಟೇಪ್ ರೆಕಾರ್ಡರನ್ನು ನನ್ನ ಮಡಿಲಲ್ಲಿಟ್ಟರು.

“ನಿಂಗೆ ಆಡು ಕೇಳೋ ಉಚ್ಚಲ್ವಾ, ತಕ. ಕೆಂಪು ಗುಂಡೀನೂ ಅದ್ರ ಪಕ್ಕದ್ದೂ ಒಟ್ಗೆ ಒತ್ತು, ಎಲ್ಲಾ ತುಂಬ್ಕತದೆ. ತುಂಬಿದ್ಮೇಲೆ ಕ್ಯಾಸೆಟ್ ಬೆನ್ನಲ್ಲಿರೋ ಈ ಪ್ಲಾಸ್ಟಿಕ್ ಚೂರ ಮುರ್ದಾಕ್ಬುಡು. ಆಮೇಲೆ ಯಾರ್ ಒತ್ತುದ್ರೂ ಅಳ್ಸೋಗದಿಲ್ಲ.”

ಆ ಚೂರನ್ನು ನಾನು ಯಾವತ್ತೂ ಮುರಿಯಲಿಲ್ಲ. ಇದ್ದದ್ದೇ ನಾಲ್ಕು ಕ್ಯಾಸೆಟ್ಟು. ಮುರಿದುಬಿಟ್ಟರೆ ಅದರ ಮೇಲೆ ಇನ್ನೊಂದನ್ನು ತುಂಬಿಸಲು ಆಗುವುದಿಲ್ಲ ಎಂಬ ಜಿಪುಣತನ. ಈ ಕಥೆಯಲ್ಲಿ ನನ್ನ ತಪ್ಪು ಅಂತ ಇದ್ದರೆ ಅದೊಂದೇ.

ಹರಿಕಥೆ, ಸಿನಿಮಾ ಹಾಡಿನ ಆರ್ಕೆಸ್ಟ್ರಾ, ಕಾಲೇಜಿನ ಹುಡುಗರ ನಾಟಕ, ಊರಲ್ಲಿ ಏನೇ ನಡೆದರೂ ಚೀಲದಲ್ಲಿ ಮಿಷನ್ ಇಟ್ಟುಕೊಂಡು ಹೋಗುತ್ತಿದ್ದೆ. ಚೀಲದ ಬಾಯನ್ನು ವೇದಿಕೆಯ ಕಡೆ ತಿರುಗಿಸಿ, ಕುಲುಕಾಟದ ಸದ್ದು ಬರಬಾರದೆಂದು ಸುತ್ತ ಟವೆಲು ತುರುಕಿ, ಕದಲದೆ ಕೂರುತ್ತಿದ್ದೆ. ಮನೆಗೆ ಬಂದು ಕೇಳಿದರೆ ಹಾಡಿನ ಜೊತೆಗೆ ಕೆಮ್ಮು, ಮಗುವಿನ ಅಳು, ಕಡ್ಲೆಕಾಯಿ ಸುಲಿಯುವ ಸದ್ದು ಎಲ್ಲವೂ ಇರುತ್ತಿದ್ದವು. ರೇಡಿಯೋದಲ್ಲಿ ಬರುತ್ತಿದ್ದದ್ದು ಬರೀ ಹಾಡು. ನನ್ನ ಕ್ಯಾಸೆಟ್ಟಿನಲ್ಲಿ ಆ ಹಾಡು ಕೇಳಿದ ಊರೂ ಇರುತ್ತಿತ್ತು. ನನಗೆ ಅದೇ ಹೆಚ್ಚು ಇಷ್ಟ. ‘ಎಣ್ಣೆಂಗ್ಸಿಗೆ ಯಾಕ್ ಬೇಕು ಮಿಷನ್ನು’ ಎಂದು ಅಂದವರಿದ್ದರು. ನಾನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ನಮ್ಮ ಬೀದಿಯ ತುದಿಯಲ್ಲಿ ಒಂದು ಮೋಟಾರ್ ವೈಂಡಿಂಗ್ ಅಂಗಡಿಯಿತ್ತು. ಅದನ್ನು ನಡೆಸುತ್ತಿದ್ದವನು ಹನೂರಿನವನು. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳನ್ನು ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತಿಕೊಡುವುದು ಅವನ ಕಸುಬು. ಬಿಡುವಿದ್ದಾಗ ಸಿಲೋನ್ ರೇಡಿಯೋದಲ್ಲಿ ಬರುವ ಇಂಗ್ಲಿಷ್ ಹಾಡುಗಳಿಗೆ ಕಿವಿ ಹಚ್ಚಿ ಕೂತಿರುತ್ತಿದ್ದ. ಮಗ್ಗ ಮಾಡುವ ಬಡಗಿಯ ಕೈಲಿ ಹಲಸಿನ ಮರದ ಒಂದು ಗಿಟಾರ್ ಮಾಡಿಸಿ, ಮೋಟಾರಿಗೆ ಸುತ್ತುವ ಸಣ್ಣ ತಂತಿಯನ್ನೇ ಅಯಸ್ಕಾಂತಕ್ಕೆ ಸುತ್ತಿ, ಅದನ್ನು ಕರೆಂಟಿನ ಗಿಟಾರ್ ಮಾಡಿದ್ದ. ಮದುವೆ ಬ್ಯಾಂಡಿನ ಒಬ್ಬ ಡ್ರಮ್ ಬಾರಿಸುತ್ತಿದ್ದ, ಕಾಲೇಜು ಹುಡುಗನೊಬ್ಬ ಇನ್ನೊಂದು ಗಿಟಾರ್ ನುಡಿಸುತ್ತಿದ್ದ. ಹಾಡು ಕಟ್ಟುತ್ತಿದ್ದವನೂ ಹಾಡುತ್ತಿದ್ದವನೂ ಈ ವೈಂಡಿಂಗ್‌ನವನೇ. ಕನ್ನಡದ ಹಾಡು, ಅದೂ ನಮ್ಮ ಕಡೆಯ ಕನ್ನಡ.

ಊರಿನ ಸಂಘವೊಂದರ ವಾರ್ಷಿಕೋತ್ಸವಕ್ಕೆ ಅವರನ್ನು ಕರೆದರು. ಭಾನುವಾರ ಮಧ್ಯಾಹ್ನ, ಟೆಂಟ್ ಸಿನಿಮಾದವರ ಡೇರೆಯಲ್ಲಿ, ಸಂಜೆಯ ಆಟ ಶುರುವಾಗುವ ಮುಂಚೆ. ‘ಕೊಳ್ಳೇಗಾಲದಲ್ಲಿ ಪ್ರಥಮ ಬಾರಿಗೆ ರಾಕ್ ಸಂಗೀತ’ ಎಂದು ಕೈಯಲ್ಲಿ ಬರೆದ ಕಾಗದಗಳನ್ನು ಬಸ್‌ಸ್ಟ್ಯಾಂಡಿನ ಗೋಡೆಗೆ ಅಂಟಿಸಿದ್ದರು. ರಾಕ್ ಅಂದರೇನು ಎಂದು ಯಾರಿಗೂ ಗೊತ್ತಿರಲಿಲ್ಲ. ಡೇರೆ ಮಾತ್ರ ತುಂಬಿತ್ತು.

ನಾನು ಎದುರುಮನೆಯ ಅತ್ತೆಯ ಜೊತೆ ಹೆಂಗಸರ ಕಡೆ ಮುಂದೆಯೇ ಕೂತೆ. ಅತ್ತೆ ಚರಕದಲ್ಲಿ ರೇಷ್ಮೆ ಬಿಚ್ಚುವವರು. ರೇಷ್ಮೆಗೂಡನ್ನು ಕುದಿಯುವ ನೀರಿಗೆ ಹಾಕಿ, ಎಳೆ ಹಿಡಿದು ಬಿಚ್ಚಿ ಬಿಚ್ಚಿ ಅವರ ಬೆರಳ ತುದಿಗಳು ಬೆಂದು ಬೆಳ್ಳಗಾಗಿದ್ದವು. ಮೊದಲ ಹಾಡಿಗೇ ಅವರು ನನ್ನ ತೊಡೆ ಹಿಡಿದುಕೊಂಡು, “ಏನಮ್ಮೀ ಇದು, ಎದೆ ಒಳ್ಗೇ ಗುದ್ದಂಗಾಯ್ತದೆ!” ಎಂದರು. ಭಯದಿಂದಲ್ಲ, ಖುಷಿಯಿಂದ.

ಮೂರನೆಯದು ಆ ಹಾಡು. ಗಂಡಸರ ಕಡೆಯ ಸ್ಪೀಕರು ಮೊದಲಿನಿಂದಲೂ ಕೀರಲು ಸದ್ದು ಮಾಡುತ್ತಿತ್ತು, ನಮ್ಮ ಕಡೆಯದು ಚೆನ್ನಾಗಿತ್ತು. ಅವನು ಕಣ್ಣು ಮುಚ್ಚಿ, ಗಿಟಾರನ್ನು ಎದೆಗೆ ಒತ್ತಿಕೊಂಡು ಹಾಡಿದ:

ಬಿಚ್ಚೇ ನನ್ನವ್ವ ಬಿಚ್ಚೇ, ಗೂಡಿನೆಳೆಯ ಬಿಚ್ಚೇ,
ಸೀರೆ ಉಡೋಳು ಯಾವೂರೋಳೋ, ಬೆರಳು ಬೆಂದೋಳ್ ನೀನೇ.

ಅವನ ತಾಯಿಯೂ ಹನೂರಿನಲ್ಲಿ ರೇಷ್ಮೆ ಬಿಚ್ಚುತ್ತಿದ್ದವಳು. ಹಾಡು ಮುಂದೆ ಹೋದಂತೆ ಆ ತಾಯಿಯ ದಿನ ಪೂರ್ತಿ ಅದರೊಳಗೆ ಬಂತು. ಒಲೆಯ ಹೊಗೆ, ಹುಳದ ವಾಸನೆ, ಮಗನ ತಲೆ ಬಾಚಲೂ ಆಗದ ಬೆಂದ ಕೈ. ಅತ್ತೆ ನನ್ನ ಕಿವಿಯ ಹತ್ತಿರ, “ನಮ್ಮನೆ ಕತೆಯ ಏಳ್ತಾವ್ನೆ ಕಣವ್ವ” ಎಂದರು. ಅದೂ ಕ್ಯಾಸೆಟ್ಟಿನಲ್ಲಿ ತುಂಬಿಕೊಂಡಿತು.

ಕೊನೆಯ ಸಲ ‘ಬಿಚ್ಚೇ’ ಎನ್ನುತ್ತಿದ್ದಂತೆ ಸಂಘದ ಅಧ್ಯಕ್ಷರು ಕುರ್ಚಿಯಿಂದ ಎದ್ದು ವೇದಿಕೆ ಹತ್ತಿ ಮೈಕಿನ ವೈರನ್ನು ಕಿತ್ತರು. ಅವರು ಜಮೀನ್ದಾರರು. ಆ ವೈಂಡಿಂಗ್ ಅಂಗಡಿ ಇದ್ದ ಕಟ್ಟಡವೂ ಅವರದೇ.

“ಎಣ್ಮಕ್ಳು ಕೂತವ್ರೆ, ಏನ್ ಪದ ಆಡ್ತಾ ಇದ್ದಿಯಲಾ? ಸೀರೆ ಬಿಚ್ಚು ಅಂದೀಯಾ?”

“ಇಲ್ಲ ಸಾ, ಗೂಡು ಬಿಚ್ಚಾದು ಸಾ. ನಮ್ಮವ್ವನ್ ಮ್ಯಾಲೆ...”

“ಮುಚ್ಲಾ ಬಾಯ. ಇಳಿ ಕೆಳಕ್ಕೆ!”

ಹಿಂದಿನ ಸಾಲಿನ ಗಂಡಸರು ಕೂಗತೊಡಗಿದರು. ಅವರಿಗೆ ಕೇಳಿಸಿದ್ದು ಡ್ರಮ್ಮು, ‘ಸೀರೆ’, ‘ಬಿಚ್ಚೇ’ ಇಷ್ಟೇ. ಹತ್ತಿರದಲ್ಲೇ ಕೂತು ಎಲ್ಲವನ್ನೂ ಕೇಳಿದ್ದ ನಾವು ಬಾಯಿ ಬಿಡುವಷ್ಟರಲ್ಲಿ ಡೇರೆ ಖಾಲಿ ಮಾಡಿಸಿದರು.

ಮೂರು ದಿನದಲ್ಲಿ ಸಂಘದ ಸಮಿತಿ ಸಭೆ ಸೇರಿತು. ಏಳು ಜನ. ‘ಮಹಿಳೆಯರಿಗೆ ಅವಮಾನ ಮಾಡಿದ್ದಕ್ಕಾಗಿ’ ಅವನು ಒಂದು ವಾರದಲ್ಲಿ ಅಂಗಡಿ ಖಾಲಿ ಮಾಡಬೇಕೆಂದು ಬರೆದು ಕಳಿಸಿತು. ಹಾಡಿಗೂ ಅಂಗಡಿಗೂ ಏನು ಸಂಬಂಧ? ಯಾರೂ ಕೇಳಲಿಲ್ಲ. ಅಧ್ಯಕ್ಷರನ್ನು ಕೇಳುವ ಧೈರ್ಯ ಯಾರಿಗಿತ್ತು?

ನಾನು ಕ್ಯಾಸೆಟ್ಟನ್ನು ಮನೆಯಲ್ಲಿ ಎರಡು ಸಲ ಹಾಕಿ ಕೇಳಿದೆ. ಒಂದೊಂದು ಪದವೂ ಸ್ಪಷ್ಟವಾಗಿತ್ತು. ಮರುದಿನ ಶಾಲೆಗೆ ರಜೆ ಹಾಕಿ ಮಿಷನ್ ಹೊತ್ತುಕೊಂಡು ಸಂಘದ ಆಫೀಸಿಗೆ ಹೋದೆ. ಅಧ್ಯಕ್ಷರೂ ಕಾರ್ಯದರ್ಶಿಯೂ ಇದ್ದರು.

“ಸಾರ್, ಹಾಡು ಪೂರ್ತಿ ಇದರಲ್ಲಿದೆ. ಒಂದು ಸಲ ಕೇಳಿ. ಕೆಟ್ಟದ್ದೇನೂ ಇಲ್ಲ.”

ಅಧ್ಯಕ್ಷರು ಮಿಷನ್ನನ್ನೂ ನನ್ನನ್ನೂ ಬದಲಿಸಿ ಬದಲಿಸಿ ನೋಡಿದರು. “ಕೂತ್ಕಮ್ಮ. ಇದ್ನೆಲ್ಲ ಯಾರ್ ಕೇಳಿ ತುಂಬ್ಕಂಡೆ ನೀನು?”

“ಟಿಕೆಟ್ ಇಲ್ಲದ ಸಭೆ ಸಾರ್. ಎಲ್ಲರೂ ಕಿವಿಯಲ್ಲಿ ಕೇಳಿದರು, ನಾನು ಇದರಲ್ಲಿ ಕೇಳಿದೆ.”

ಕಾರ್ಯದರ್ಶಿ ನಕ್ಕರು, ಅಧ್ಯಕ್ಷರು ನಗಲಿಲ್ಲ. “ಸರಿ, ಇಲ್ಲೇ ಬುಟ್ಟೋಗು. ನಾಳೆ ಬೆಳಿಗ್ಗೆ ಮೆಂಬ್ರುಗಳೆಲ್ಲ ಸೇರ್ಕಂಡು ಕೇಳ್ತೀವಿ. ಸಂಜೆ ಬಂದು ತಕಂಡೋಗು” ಎಂದರು. ಯಾವ ಗುಂಡಿ ಒತ್ತಬೇಕೆಂದು ತೋರಿಸಿಕೊಟ್ಟು ಬಂದೆ. ನಂಬಿ ಬಿಟ್ಟುಬಂದೆ.

ಮರುದಿನ ಸಂಜೆ ಶಾಲೆ ಮುಗಿಸಿ ಹೋದಾಗ ಕಾರ್ಯದರ್ಶಿ ಮಿಷನ್ ವಾಪಸ್ಸು ಕೊಡುತ್ತಾ, “ಕೇಳುದ್ವಿ ಟೀಚ್ರಮ್ಮ, ಗಲಾಟೆ ಸದ್ದೇ ಜಾಸ್ತಿ. ಸರ್ಯಾಗಿ ಕೇಳುಸ್ನಿಲ್ಲ. ತೀರ್ಮಾನ ಬದ್ಲಾಗದಿಲ್ಲ” ಎಂದರು. ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ.

ಮನೆಗೆ ಬಂದು, ಎದುರುಮನೆ ಅತ್ತೆಯನ್ನು ಕರೆದು ಕ್ಯಾಸೆಟ್ ಹಾಕಿದೆ. ‘ಬಿಚ್ಚೇ ನನ್ನವ್ವ ಬಿಚ್ಚೇ’ ಎಂದು ಶುರುವಾಯಿತು. ಎರಡು ಸಾಲು ಆಯಿತು. ಟಕ್ ಎಂದು ಸದ್ದಾಯಿತು. ಆಮೇಲೆ ಹಾಡು ಇಲ್ಲ. ಲೋಟ ಇಟ್ಟ ಸದ್ದು, ಬೆತ್ತದ ಕುರ್ಚಿ ಕಿರುಗುಟ್ಟಿದ ಸದ್ದು, ಆಮೇಲೆ ಗಂಡಸರ ಮಾತು.

“ತಿರ್ಗ್ತಾ ಅದೆ ಸಾ, ಸದ್ದೇ ಬತ್ತಿಲ್ಲ.” ಕಾರ್ಯದರ್ಶಿಯ ದನಿ.

“ಬತ್ತದೆ ತಡಿ.” ಇದು ಅಧ್ಯಕ್ಷರದು.

“ಆದ್ರೂ ಸಾ, ಮೊದ್ಲು ಕೇಳ್ದಾಗ ಗೂಡು ಬಿಚ್ಚು ಅಂತ್ಲೇ ಅಂದವ್ನೆ. ಕೆಟ್ ಪದ ಏನೂ ಇಲ್ವಲ್ಲ.”

“ಗೊತ್ತು ಕಣಯ್ಯ, ಅವತ್ತೇ ಗೊತ್ತಿತ್ತು. ಆ ಅಂಗ್ಡಿ ನಮ್ಮಳಿಯಂಗೆ ಬೇಕು. ಸುಮ್ನೆ ಬುಡ್ಲಾ ಅಂದ್ರೆ ಬುಡ್ತಾನಾ ಅವ್ನು?”

“ಆ ಟೀಚ್ರಮ್ಮಂಗೆ ಏನೇಳಾದು?”

“ಸರ್ಯಾಗ್ ಕೇಳುಸ್ನಿಲ್ಲ ಅನ್ನು. ಎಣ್ಣೆಂಗ್ಸು, ತಕಂಡು ಮನೆಗೋಯ್ತದೆ.”

ಅವರು ಹಾಡನ್ನು ಒಮ್ಮೆ ಪೂರ್ತಿ ಕೇಳಿದ್ದರು. ಎರಡನೇ ಸಲ ಕೇಳಲು ಟೇಪನ್ನು ಹಿಂದಕ್ಕೆ ಸುತ್ತಿ, ಕೆಂಪು ಗುಂಡಿಯನ್ನೂ ಸೇರಿಸಿ ಒತ್ತಿಬಿಟ್ಟಿದ್ದರು. ತಾಯಿಯ ಮೇಲಿನ ಆ ಹಾಡಿದ್ದ ಜಾಗದಲ್ಲಿ ಈಗ ಅವರ ಕುತಂತ್ರವೂ ಅವರು ಕಾಫಿ ಹೀರುವ ಸದ್ದೂ ಕೂತಿದ್ದವು.

ನನಗೆ ಅಳು ಬಂದುಬಿಟ್ಟಿತು. ಹಾಡು ಹೋಯಿತಲ್ಲ ಎಂದೋ, ‘ಮನೆಗೋಯ್ತದೆ’ ಎಂದದ್ದಕ್ಕೋ ತಿಳಿಯದು. ಎದುರುಮನೆ ಅತ್ತೆ ಮಾತ್ರ ಅಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, “ಯಾವತ್ತವ್ವ ಇವ್ರ ಮೀಟಿಂಗು? ನಡಿ, ನಾನೂ ಬತ್ತೀನಿ” ಎಂದರು.

ಭಾನುವಾರ ಬೆಳಿಗ್ಗೆ ಸಂಘದ ಸರ್ವಸದಸ್ಯರ ಸಭೆಯಿತ್ತು. ಮೂವತ್ತು ನಲವತ್ತು ಗಂಡಸರು. ಅತ್ತೆ ಮತ್ತು ನಾನು ಬಾಗಿಲಲ್ಲಿ ಕೇಳದೆ ಒಳಗೆ ಹೋದೆವು. ಏನು ಎತ್ತ ಎಂದು ಅವರು ಕೇಳುವ ಮುಂಚೆಯೇ ಮಿಷನ್ನನ್ನು ಮೇಜಿನ ಮೇಲಿಟ್ಟು, ದನಿ ಪೂರ್ತಿ ಏರಿಸಿ ಗುಂಡಿ ಒತ್ತಿದೆ. ‘ನಮ್ಮಳಿಯಂಗೆ ಬೇಕು’ ಎಂಬ ಮಾತಿಗೆ ಹಿಂದೆ ಯಾರೋ ಕಿಸಕ್ಕೆಂದರು. ಅಧ್ಯಕ್ಷರ ಮುಖ ಕೆಂಪಾಯಿತು.

“ಅದು ನನ್ ದನಿ ಅಲ್ಲ” ಎಂದರು. ಅದನ್ನು ಹೇಳಿದ ದನಿಯೂ ಕ್ಯಾಸೆಟ್ಟಿನ ದನಿಯೂ ಒಂದೇ. ಈ ಸಲ ಎಲ್ಲರೂ ಜೋರಾಗಿ ನಕ್ಕರು.

ಅತ್ತೆ ನಗಲಿಲ್ಲ. ಎರಡೂ ಕೈಗಳನ್ನು ಅಧ್ಯಕ್ಷರ ಮುಂದೆ ಚಾಚಿದರು. “ಬಿಚ್ಚೇ ಅಂದ್ರೆ ನಿಮ್ಗೆ ಸೀರೆ ಗೆಪ್ತಿಗೆ ಬತ್ತದಾ ಸಾ? ನಮ್ಗೆ ಗೂಡು ಬತ್ತದೆ. ಚಿಕ್ಕೋಳಾಗಿದ್ದಾಗ್ಲಿಂದ ಬಿಚ್ತಾ ಇವ್ನಿ, ನೋಡಿ ಈ ಬೆರಳ. ನನ್ ಮರ್ವಾದಿ ಓಯ್ತು ಅಂತ ನಾನು ಏಳ್ಬೇಕು, ನೀವಲ್ಲ.”

ಅಂಗಡಿ ಖಾಲಿ ಮಾಡಿಸುವ ‘ವಿಷಯವನ್ನು ಕೈಬಿಡಲಾಗಿದೆ’ ಎಂದು ಸಭೆಯ ಪುಸ್ತಕದಲ್ಲಿ ಒಂದು ಸಾಲು ಬರೆದರು. ತಪ್ಪಾಯಿತು ಎಂದು ಬರೆಯಲಿಲ್ಲ. ಹಾಡಿದವನನ್ನು ಕರೆಸಿ ಒಂದು ಮಾತು ಹೇಳಲಿಲ್ಲ. ಅಧ್ಯಕ್ಷರು ಅಧ್ಯಕ್ಷರಾಗಿಯೇ ಉಳಿದರು.

ಇಷ್ಟಕ್ಕೇ ಮುಗಿಯಿತೇ? ಸೋಮವಾರ ಯಳಂದೂರಿನಲ್ಲಿ ಬಸ್ಸಿಳಿದು ಶಾಲೆಗೆ ಹೋದರೆ ಹೆಡ್‌ಮಾಸ್ಟರು ಕರೆಸಿದರು.

“ದೊಡ್ಡವರು ಮಾತಾಡಿದ್ದನ್ನು ಕದ್ದು ತುಂಬಿಕೊಂಡಿರಂತೆ?”

“ಮಿಷನ್ ಅವರ ಕೈಯಲ್ಲಿತ್ತು ಸಾರ್. ಗುಂಡಿ ಒತ್ತಿದವರೂ ಅವರೇ. ನಾನು ಆಗ ಇಲ್ಲೇ ಮೂರನೇ ಕ್ಲಾಸಿಗೆ ಮಗ್ಗಿ ಹೇಳಿಕೊಡುತ್ತಿದ್ದೆ.”

“ಇರಬಹುದು. ಆದರೂ ಟೀಚರ್ ಆದವರಿಗೆ ಇದೆಲ್ಲ ಶೋಭೆಯಲ್ಲ. ಒಂದು ಕ್ಷಮಾಪಣೆ ಬರೆದುಕೊಟ್ಟುಬಿಡಿ, ಮುಗಿದುಹೋಗುತ್ತೆ.”

ಯಾರ ಕ್ಷಮಾಪಣೆ, ಯಾರಿಗೆ? ನಾನು ಬರೆದುಕೊಡಲಿಲ್ಲ. ಆ ವರ್ಷ ಮಕ್ಕಳಿಗೆ ಹಾಡು ಹೇಳಿಕೊಡುವ ಕೆಲಸವನ್ನು ನನ್ನಿಂದ ತೆಗೆದು ಬೇರೆಯವರಿಗೆ ಕೊಟ್ಟರು. ಅವರಿಗೆ ಹಾಡಲು ಬರುತ್ತಿರಲಿಲ್ಲ.

ಒಂದು ಸಂಜೆ ಹೊಸ ಕ್ಯಾಸೆಟ್ ಹಾಕಿಕೊಂಡು ವೈಂಡಿಂಗ್ ಅಂಗಡಿಗೆ ಹೋದೆ. ಅವನು ತಂತಿ ಸುತ್ತುತ್ತಿದ್ದ. ಹಲಸಿನ ಗಿಟಾರು ಗೋಡೆಗೆ ಒರಗಿತ್ತು. “ಆ ಹಾಡನ್ನು ಇನ್ನೊಂದು ಸಲ ಹಾಡಪ್ಪ, ತುಂಬಿಸಿಕೊಳ್ಳುತ್ತೇನೆ. ಈ ಸಲ ಪ್ಲಾಸ್ಟಿಕ್ ಚೂರನ್ನು ಮುರಿದೇ ಇಡುತ್ತೇನೆ” ಎಂದೆ.

ಕೈ ಒರೆಸಿಕೊಂಡು ಗಿಟಾರ್ ತೆಗೆದುಕೊಂಡ. ಬಾಯಿ ತೆರೆದ. ‘ಬಿ’ ಎಂದವನು ಬೀದಿಯ ಕಡೆ ನೋಡಿದ. ಇನ್ನೊಂದು ಸಲ ಶುರು ಮಾಡಿ ಇನ್ನೊಂದು ಸಲ ನಿಲ್ಲಿಸಿದ.

“ಆಗಾಕಿಲ್ಲ ಟೀಚ್ರಮ್ಮ. ಆ ಪದ ಬಾಯಿಗ್ ಬತ್ತಿದ್ದಂಗೇ ಯಾರೇನ್ ಅಂದ್ಕಂಡಾರೋ ಅಂತ ಸುತ್ತ ನೋಡ್ತೀನಿ. ಅಂಗ್ಡಿ ಓದ್ರೆ ಓಗ್ಲಿ ಅಂತಿದ್ದೆ. ನಮ್ಮವ್ವನ್ ಪದವ ಒಲ್ಸು ಮಾಡ್ಬುಟ್ರಲ್ಲ.”

ನಾನು ಮಿಷನ್ ಮುಚ್ಚಿಕೊಂಡು ಎದ್ದು ಬಂದೆ. ಅವನ ಗುಂಪು ಮತ್ತೆ ಎಲ್ಲಿಯೂ ಹಾಡಲಿಲ್ಲ. ಮುಂದಿನ ವರ್ಷ ಅವನು ಯಾರೂ ಹೇಳದೆ ತಾನೇ ಅಂಗಡಿ ಬಿಟ್ಟು ಹನೂರಿಗೆ ಹೋದ. ಅವನು ಬಿಟ್ಟ ಜಾಗದಲ್ಲಿ ಅಧ್ಯಕ್ಷರ ಅಳಿಯ ಬಟ್ಟೆ ಅಂಗಡಿ ಇಟ್ಟ. ಬೇಕಾದದ್ದು ಅವರಿಗೆ ಸಿಕ್ಕೇ ಸಿಕ್ಕಿತು.

ಆ ಕ್ಯಾಸೆಟ್ಟಿನ ಸುದ್ದಿ ಊರೆಲ್ಲ ಹಬ್ಬಿತ್ತು. ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಗೂಡಿನ ಮಾರ್ಕೆಟ್ಟಿನ ಮುಂದೆ ಸಿಕ್ಕವರೆಲ್ಲ, “ಟೀಚ್ರಮ್ಮ, ಅಧ್ಯಕ್ಷರ ಮಾತಿರೋ ಕ್ಯಾಸೆಟ್ಟು ಒಂದ್ಸಲ ಕೇಳುಸ್ರಮ್ಮ” ಎಂದು ಹಲ್ಲು ಕಿರಿಯುತ್ತಿದ್ದರು. ಕೇಳಿ ನಗಬೇಕು, ಅಷ್ಟೇ ಅವರಿಗೆ. ನಾನು ಯಾರಿಗೂ ಕೇಳಿಸಲಿಲ್ಲ. ಅಷ್ಟು ಜನರಲ್ಲಿ ಒಬ್ಬರಾದರೂ, ಆ ಎರಡು ಸಾಲಿನ ಮುಂದೆ ಹಾಡು ಹೇಗಿತ್ತು ಎಂದು ಕೇಳಲಿಲ್ಲ.