ಭಾನುವಾರದ ವಿನಾಯಿತಿ

ಕಮ್ಮಾರನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಮನೆಯಲ್ಲಿ ಅವನ ಕೈ ಮೊದಲು ಮಾತಾಡುತ್ತಿತ್ತು, ಬಾಯಿ ಆಮೇಲೆ. ಈಸ್ಟರಿಗೆ ಮುಂಚಿನ ವ್ರತದ ತಪಸ್ಸುಕಾಲ ಶುರುವಾಗುವ ಹಿಂದಿನ ವಾರ, ಬಾಗಿಲು ತೆರೆಯಲು ತಡ ಮಾಡಿದಳೆಂದು ಹೆಂಡತಿಯ ಹಲ್ಲೊಂದನ್ನು ಉದುರಿಸಿದ್ದ. ವರ್ಷವರ್ಷವೂ ನಲವತ್ತು ದಿನ ಮಾಂಸ ಬಿಟ್ಟು ದೊಡ್ಡ ಭಕ್ತನೆನಿಸಿಕೊಂಡವನು ಈ ಸಲ ಪಾಪನಿವೇದನೆಯಲ್ಲಿ ಹಲ್ಲಿನ ವಿಷಯ ಬಾಯಿಬಿಟ್ಟ. ಪಾದ್ರಿ, "ಮಾಂಸ ತಿನ್ನಪ್ಪ, ಪರವಾಗಿಲ್ಲ. ಹೊಡೆಯೋದು ಬಿಡು" ಎಂದರು.

ಬಿಟ್ಟ. ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರದಿಂದ ನಾಲ್ಕು ದಿನ ಹಲ್ಲು ಕಚ್ಚಿಕೊಂಡು ಓಡಾಡಿದ. ಊಟ ಆರಿಹೋದ ದಿನ ಗೋಡೆಗೆ ಗುದ್ದಿ ಬೆರಳಗಂಟು ಸುಲಿದುಕೊಂಡ. ಹೆಂಡತಿ ಎಷ್ಟೋ ವರ್ಷದ ಮೇಲೆ ಅವನೆದುರು ಕೂತು ಊಟ ಮಾಡಿದಳು.

ಶನಿವಾರ ಕ್ಷೌರದಂಗಡಿಯವನು ಅವನ ತಲೆ ಕೆಡಿಸಿದ. ವ್ರತಕ್ಕೆಂದು ಕುಡಿತ ಬಿಟ್ಟಿದ್ದ ಆಸಾಮಿ ಅವನು. "ಭಾನುವಾರ ತಪಸ್ಸುಕಾಲದ ಲೆಕ್ಕಕ್ಕೆ ಬರಲ್ಲ ಕಣಯ್ಯಾ. ಎಣಿಸಿ ನೋಡು, ಭಾನುವಾರ ಬಿಟ್ಟರೇ ನಲವತ್ತು ದಿನ. ನಾಳೆ ನಾನಂತೂ ಕುಡೀತೀನಿ." ಲೆಕ್ಕವೇನೋ ಸರಿಯಾಗಿಯೇ ಇತ್ತು. ಕೇಳಿಸಿಕೊಂಡ ತಲೆ ಸರಿಯಿರಲಿಲ್ಲ.

ಭಾನುವಾರ ಪೂಜೆ ಮುಗಿಸಿ ಬಂದವನೇ ಅಗುಳಿ ಹಾಕಿದ. ನಾಲ್ಕು ದಿನದ ಸಿಟ್ಟನ್ನು ಒಟ್ಟಿಗೆ ತೀರಿಸಿದ. ಕೂದಲು ಹಿಡಿದು ಎಳೆದ, ಸೊಂಟಕ್ಕೆ ಒದ್ದ. ಭಾನುವಾರ ಲೆಕ್ಕಕ್ಕಿಲ್ಲವೆಂದು ಅವಳಿಗೂ ಹೇಳಿದ; ವ್ರತ ಮುರಿದಿಲ್ಲವೆಂದು ಅವನಿಗೆ ಪೂರ್ತಿ ನಂಬಿಕೆ. ಸೋಮವಾರದಿಂದ ಮತ್ತೆ ಸಾಧು. ಎರಡನೆಯ ಭಾನುವಾರ ಅವಳ ಕಿವಿಯಿಂದ ರಕ್ತ ಬಂತು. ಎಂಥ ಭಕ್ತಿ ನೋಡಿ!

ಮೂರನೆಯ ಭಾನುವಾರ ಅವಳು ಏಟು ತಪ್ಪಿಸಿಕೊಂಡು ಮನೆಯ ಹಿಂದಿನ ಕುಲುಮೆಗೆ ಓಡಿದಳು. ಅವಳಪ್ಪ ಕಟ್ಟಿದ ಕುಲುಮೆ. ಹನ್ನೊಂದು ವರ್ಷದಿಂದ ಇವನು ಕಾದ ಕಬ್ಬಿಣವನ್ನು ಅಡಿಗಲ್ಲಿನ ಮೇಲಿಟ್ಟು ಚಿಕ್ಕ ಸುತ್ತಿಗೆಯಿಂದ ತಟ್ಟಿ ಜಾಗ ತೋರಿಸುವುದು, ಅವಳು ದೊಡ್ಡ ಚಮ್ಮಟಿಗೆ ಎತ್ತಿ ಅಲ್ಲೇ ಬಾರಿಸುವುದು. ಒಂದು ದಿನವೂ ಅವಳ ಏಟು ಕೂದಲೆಳೆಯಷ್ಟು ಆಚೀಚೆ ಆದದ್ದಿಲ್ಲ.

ಅಟ್ಟಿಸಿಕೊಂಡು ಬಂದವನು ಮುಗ್ಗರಿಸಿ ಅಡಿಗಲ್ಲಿಗೆ ಕೈಯೂರಿದ. ಅವಳ ಕೈಯ ಚಮ್ಮಟಿಗೆ ಇಳಿಯಿತು. ಹೆಬ್ಬೆರಳಿನ ಪಕ್ಕದಲ್ಲೇ, ಕಾಳಿನಷ್ಟು ಜಾಗ ಬಿಟ್ಟು. ಭುಜದವರೆಗೂ ಜೋಮು ಹಿಡಿದು ಅವನ ಜೀವ ಬಾಯಿಗೆ ಬಂತು.

"ಕೈ ಹೋಗ್ತಿತ್ತಲ್ಲೇ!"

"ರೀ" ಎಂದೇ ಕರೆಯುತ್ತಿದ್ದವಳು ಏಕವಚನಕ್ಕಿಳಿದಳು. "ಹೋಗಬೇಕಾಗಿದ್ರೆ ಹೋಗ್ತಿತ್ತು. ನಾನೂ ಒಂದು ವ್ರತ ಹಿಡಿದಿದ್ದೀನಿ ಕಣೋ, ನೀನು ತೋರಿಸಿದ ಕಡೆ ಮಾತ್ರ ಹೊಡೀಬೇಕು ಅಂತ. ಇವತ್ತು ಭಾನುವಾರ."

ಅವನು ಕೈ ಹಿಂದಕ್ಕೆಳೆದುಕೊಂಡ.

ಸೋಮವಾರ ಇಕ್ಕಳ ಹಿಡಿದು ಕೆಲಸಕ್ಕೆ ನಿಂತ. ಚಮ್ಮಟಿಗೆ ಮೇಲೇರಿದಾಗಲೆಲ್ಲ ಅವಳ ಮುಖ ನೋಡುತ್ತಿದ್ದ. ಇವತ್ತು ಇವಳ ಮನಸ್ಸು ಹೇಗಿದೆ? ಅಗುಳಿ ಸದ್ದಾದಾಗಲೆಲ್ಲ ಅವಳು ತನ್ನ ಮುಖವನ್ನು ಹೀಗೇ ನೋಡುತ್ತಿದ್ದಳೆಂಬುದು ಆಗ ಹೊಳೆಯಿತು. ಹನ್ನೊಂದು ವರ್ಷ! ನಾಚಿಕೆಯಿಂದ ಅವನಿಗೆ ಕಣ್ಣೀರು ಬಂತು. ಮುಂದಿನ ಭಾನುವಾರಗಳಲ್ಲಿ ಸಿಟ್ಟು ನೆತ್ತಿಗೇರಿದರೆ ಚರ್ಚಿನ ಹಿಂದಿನ ಬೆಂಚಿನಲ್ಲಿ ಎರಡೂ ಕೈಗಳನ್ನು ತೊಡೆಯಡಿ ಇಟ್ಟುಕೊಂಡು ಕೂರುತ್ತಿದ್ದ, ಇಳಿದ ಮೇಲೇ ಮನೆಗೆ ಬರುತ್ತಿದ್ದ. ಒಂದು ಭಾನುವಾರ ಇಳಿಯಲು ಸಂಜೆಯಾಯಿತು.

ಈಸ್ಟರ್ ಬಂತು. ಪೂಜೆ ಮುಗಿಸಿ ಬಂದರೆ ಅವಳು ಹೊಸ್ತಿಲಲ್ಲಿ ಕೂತಿದ್ದಳು. ಚಮ್ಮಟಿಗೆ ಪಕ್ಕದಲ್ಲೇ ಇತ್ತು.

"ನಲವತ್ತು ದಿನ ಮುಗೀತಲ್ಲ?" ಎಂದಳು.

"ನಿನಗೆ ವ್ರತ ಮುಗೀತಾ?"

"ನನಗಿನ್ನೂ ಇಲ್ಲ."

"ಹಾಗಾದ್ರೆ ನನಗೂ ಇಲ್ಲ," ಎಂದು ಅವನು ಹೊಸ್ತಿಲಾಚೆಯೇ ನೆಲದ ಮೇಲೆ ಕೂತ. ಒಳಗೆ ಬಾ ಎಂದು ಅವಳು ಕರೆಯಲಿಲ್ಲ.