ಸ್ಟೇರಿಂಗ್ ಮೇಸ್ತ್ರಿಯ ಕಿವಿ

ಸುಟ್ಟ ಸ್ಟೇರಿಂಗ್ ಎಣ್ಣೆಯ ವಾಸನೆಯೇ ಬೇರೆ. ಸೀದ ಬೆಲ್ಲಕ್ಕೆ ಸೀಮೆಎಣ್ಣೆ ಬೆರೆತ ಹಾಗೆ ಮೂಗಿಗೆ ಅಂಟಿಕೊಂಡುಬಿಡುತ್ತದೆ, ಸೋಪು ಹಾಕಿ ತೊಳೆದರೂ ಬಿಡುವುದಿಲ್ಲ. ಇವತ್ತು ಬೆಳಿಗ್ಗೆ ಅರಕಲಗೂಡಿನ ಕಡೆಯ ಆಲೂಗಡ್ಡೆ ಲಾರಿಯೊಂದು ಹಾಸನದ ನನ್ನ ಶೆಡ್ಡಿಗೆ ಬಂತು. ಡ್ರೈವರ್ ಇಳಿದು ಏನೋ ಅಂದ. ಏನು ಅಂದೆ. ಹತ್ತಿರ ಬಂದು ಇನ್ನೊಂದು ಸಲ ಅಂದ, "ಸ್ಟೇರಿಂಗು ಬಿಗಿ ಆಗೈತೆ ಕಣಣ್ಣಾ, ತಿರುಗ್ಸುದ್ರೆ ಕೂಗ್ತದೆ." ಪವರ್ ಸ್ಟೇರಿಂಗಿನ ಎಣ್ಣೆ ಡಬ್ಬಿಯ ಮುಚ್ಚಳ ತಿರುಗಿಸಿದೆ. ವಾಸನೆ ಬಂತು. ಅದರ ಬೆನ್ನಿಗೇ ಆ ಮೇಸ್ತ್ರಿಯೂ ಬಂದ... ಸತ್ತ ಮೇಲೂ ಕರೆಯದೆ ಬರುವ ಜನ ಕೆಲವರಿರುತ್ತಾರೆ.

ಚನ್ನರಾಯಪಟ್ಟಣದಲ್ಲಿ ಅವನದೊಂದು ಗ್ಯಾರೇಜಿತ್ತು. ಗ್ಯಾರೇಜು ಅನ್ನುವುದಕ್ಕಿಂತ ಮಠ ಅನ್ನಬೇಕು. ಲಾರಿ ಬಂದರೆ ಮೊದಲು ಕಾಫಿ ಕುಡಿಯುತ್ತಿದ್ದ. ಆಮೇಲೆ ಮೊಳದುದ್ದದ ಸ್ಕ್ರೂಡ್ರೈವರ್ ತರಿಸಿಕೊಂಡು, ತುದಿಯನ್ನು ಇಂಜಿನ್ನಿಗೆ ಒತ್ತಿ, ಮರದ ಹಿಡಿಯನ್ನು ಕಿವಿಗಿಟ್ಟು ಕಣ್ಣು ಮುಚ್ಚುತ್ತಿದ್ದ. ನಾಡಿ ನೋಡುವ ಪಂಡಿತನ ಹಾಗೆ. ಸುತ್ತ ನಿಂತವರು ಕೆಮ್ಮುವಂತಿಲ್ಲ. ಕಣ್ಣು ಬಿಟ್ಟು ಅವನು ಏನಂದರೆ ಅದೇ ಸರಿ. ಮೇಸ್ತ್ರಿ ಕಿವಿ ಅಂದರೆ ನಮ್ಮ ಕಡೆ ಅಷ್ಟು ನಂಬಿಕೆ. ನಾನೂ ನಂಬಿದ್ದೆ. ಏಳನೇ ಕ್ಲಾಸಿಗೇ ಚೀಲ ಬಿಸಾಕಿ ಲಾರಿ ಹತ್ತಿದವನು ನಾನು. ಪುಸ್ತಕ ಇಲ್ಲದೆ ಇಷ್ಟು ತಿಳಿದವನನ್ನು ಕಂಡರೆ ಕೈ ತಾನಾಗಿ ಮುಗಿಯುತ್ತಿತ್ತು.

ಆಗ ನಾನು ಒಬ್ಬ ಸಾವ್ಕಾರರ ಲಾರಿ ಓಡಿಸುತ್ತಿದ್ದೆ. ನುಗ್ಗೇಹಳ್ಳಿ ಕಡೆಯ ತೋಟಗಳಲ್ಲಿ ತೆಂಗಿನ ಮಟ್ಟೆ ತುಂಬಿಕೊಂಡು ಶಾಂತಿಗ್ರಾಮದ ಹತ್ತಿರದ ನಾರಿನ ಮಿಲ್ಲಿಗೆ ಸುರಿಯುವ ಕೆಲಸ. ಒಂದು ಸಲ ಮೇಸ್ತ್ರಿ ಲಾರಿಗೆ ಸರ್ವೀಸು ಮಾಡಿಕೊಟ್ಟ. ಅದಾಗಿ ಸ್ವಲ್ಪ ದಿನಕ್ಕೆ ಸ್ಟೇರಿಂಗು ಭಾರವಾಗತೊಡಗಿತು. ತಿರುವು ಬಂದರೆ ಮುಂದುಗಡೆಯಿಂದ ಒಂದು ಗೋಳು ಏಳುತ್ತಿತ್ತು. ಮೇಸ್ತ್ರಿ ಕಿವಿ ಇಟ್ಟ. "ಪಂಪು ಓಗೈತೆ" ಅಂದ. ಹೊಸ ಪಂಪು ಬಂತು, ಗೋಳು ಹೋಗಲಿಲ್ಲ. ಮತ್ತೆ ಕಿವಿ ಇಟ್ಟ. "ಬಾಕ್ಸು ಸವ್ದೈತೆ" ಅಂದ. ಸ್ಟೇರಿಂಗ್ ಬಾಕ್ಸು ಬಿಚ್ಚಿ ಕಟ್ಟಿದ್ದಾಯಿತು, ಗೋಳು ಅಲ್ಲೇ ಇತ್ತು. ಮೂರನೇ ಸಲ ಸಾವ್ಕಾರರೇ ಬಂದು ನಿಂತಿದ್ದರು. ಮೇಸ್ತ್ರಿ ಸ್ಕ್ರೂಡ್ರೈವರ್ ಕೆಳಗಿಟ್ಟು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದ.

"ಲಾರಿ ಬೆಣ್ಣೆ ಅಂಗೈತೆ ಸಾವ್ಕಾರ್ರೆ, ಒಂದು ಸದ್ದಿಲ್ಲ. ಇವನ ತ್ವಾಳಲ್ಲೇ ಕಸುವಿಲ್ಲ. ಬೇರೆ ಡ್ರೈವರ್ ನೋಡ್ಕಳಿ."

ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ಇವನು ನನ್ನ ತೋಳು ಡೊಂಕು ಅಂದ.

ಸಾವ್ಕಾರರು, "ಈ ವಾರ ನೋಡ್ತೀನಿ ಕಣ್ಲಾ. ಆಗ್ದಿದ್ರೆ ಕೀ ಮಡಗ್ಬುಟ್ಟು ಓಗು" ಅಂದರು. ಕೀ ಹೋದರೆ ಇನ್ನೊಂದು ಲಾರಿಯ ಕೀ ಸಿಕ್ಕೀತು. ಆದರೆ ತೋಳು ಸೋತವನು ಅಂತ ಹೆಸರು ಬಿದ್ದರೆ ಚನ್ನರಾಯಪಟ್ಟಣದಿಂದ ಹೊಳೆನರಸೀಪುರದವರೆಗೆ ಯಾರೂ ಸೀಟು ಕೊಡುವುದಿಲ್ಲ. ಡ್ರೈವರಿಗೆ ತೋಳು ಬಿಟ್ಟರೆ ಬೇರೆ ಏನಿದೆ?

ಆ ವಾರವೇ, ಶಾಂತಿಗ್ರಾಮದಲ್ಲಿ ಹೈವೇ ಬಿಟ್ಟು ಎಡಕ್ಕೆ ಎಳೆಯುವಾಗ ಸ್ಟೇರಿಂಗು ಕಲ್ಲಾಯಿತು. ಎದೆ ಒತ್ತಿ ಎಳೆದರೂ ಬರಲಿಲ್ಲ. ಎದುರಿಗೆ ಹಾಲಿನ ಕ್ಯಾನುಗಳು, ಪಕ್ಕದಲ್ಲಿ ಡೈರಿಗೆ ಬಂದ ಜನ. ಬ್ರೇಕಿನ ಮೇಲೆ ನಿಂತೇಬಿಟ್ಟೆ. ಮೊದಲ ಕ್ಯಾನು ಬಂಪರಿಗೆ ತಗುಲಿ ಉರುಳಿತು, ಅಷ್ಟರಲ್ಲಿ ಲಾರಿ ನಿಂತಿತು. ಕ್ಯಾನಿನ ಒಡತಿ, ವಯಸ್ಸಾದ ಹೆಂಗಸು, ಸೆರಗು ಸಿಕ್ಕಿಸಿಕೊಂಡು ಬಂದಳು.

"ಕಣ್ಣು ಮನೇಲಿ ಮಡಗಿ ಬಂದಿದ್ದೀಯೇನ್ಲಾ? ಆವಾಗ್ಲಿಂದ ನಾಯಿ ಅತ್ತಂಗೆ ಅಳ್ತಾ ಬತ್ತಾ ಐತಲ್ಲಾ ನಿನ್ ಲಾರಿ! ಊರಿಗೆಲ್ಲಾ ಕೇಳುಸ್ತದೆ, ನಿಂಗೊಬ್ನಿಗೆ ಕೇಳಾಕಿಲ್ವಾ?"

ಬಯ್ಗುಳ ಮುಗಿಯುವವರೆಗೆ ತಲೆ ತಗ್ಗಿಸಿ ನಿಂತಿದ್ದೆ. ನನಗೆ ಕೇಳಿಸುತ್ತದೆ. ಈ ಮುದುಕಿಗೆ ಕೇಳಿಸುತ್ತದೆ. ಮತ್ತೆ ಒಂದು ಸದ್ದಿಲ್ಲ ಅಂದನಲ್ಲ, ಅವನಿಗೆ?... ಅಲ್ಲೇ ಹೊಳೆಯಿತು. ಮೇಸ್ತ್ರಿಗೆ ಕಿವಿ ಹೋಗಿತ್ತು.

ಅವನ ಮಾತಿನ ಮೇಲಿನ ನಂಬಿಕೆ ಹೋದ ಮೇಲೆ ನಾನೇ ಎಣ್ಣೆ ಡಬ್ಬಿ ನೋಡಿದೆ. ಅದು ಮೇಸ್ತ್ರಿಯೇ ಸರ್ವೀಸು ಮಾಡಿದ ಡಬ್ಬಿ, ಕೈ ಹಾಕಬೇಡ ಅಂದಿದ್ದ, ಅಲ್ಲಿಯವರೆಗೆ ನಾನು ಮುಟ್ಟಿರಲಿಲ್ಲ. ಮುಚ್ಚಳವೇ ಇರಲಿಲ್ಲ! ಅದನ್ನು ಎಲ್ಲೋ ಕಳೆದು, ಮೇಸ್ತ್ರಿ ಪ್ಲಾಸ್ಟಿಕ್ ಕವರು ಸುತ್ತಿ ಟ್ವೈನ್ ದಾರ ಬಿಗಿದಿದ್ದ. ಕವರು ಹರಿದು, ಮಟ್ಟೆಯ ಧೂಳೆಲ್ಲ ಒಳಗಿಳಿದಿತ್ತು. ಎಣ್ಣೆ ಕಡೆದ ಮಜ್ಜಿಗೆಯ ಹಾಗೆ ನೊರೆಯಾಗಿತ್ತು, ಫಿಲ್ಟರಿನ ತುಂಬ ನಾರು. ಎಣ್ಣೆ ಸಿಗದ ಪಂಪು ಗಾಳಿ ಕುಡಿದು ಅಳುತ್ತಿತ್ತು. ಇದಕ್ಕೆ ಪಂಪು, ಬಾಕ್ಸು, ಕೊನೆಗೆ ನನ್ನ ತೋಳು! ಡೀಸೆಲಿನಲ್ಲಿ ಡಬ್ಬಿ, ಫಿಲ್ಟರು ತೊಳೆದೆ. ಹೊಸ ಎಣ್ಣೆ ಹೊಯ್ದು, ಮುಂದಿನ ಚಕ್ರ ಜಾಕಿಯಲ್ಲಿ ಎತ್ತಿ, ಆ ಕೊನೆಯಿಂದ ಈ ಕೊನೆಗೆ ತಿರುಗಿಸುತ್ತಾ ಗಾಳಿ ಕಳೆದೆ. ಗೋಳು ನಿಂತಿತು. ಸ್ಟೇರಿಂಗು ಒಂದು ಬೆರಳಿಗೆ ಬಂತು.

ಸಾವ್ಕಾರರಿಗೆ ಬರಹೇಳಿ ನೇರ ಗ್ಯಾರೇಜಿಗೆ ಹೋದೆ. ಮೇಸ್ತ್ರಿ ಬೆನ್ನು ಹಾಕಿ ಕೂತು ಸ್ಪ್ಯಾನರ್ ಒರೆಸುತ್ತಿದ್ದ. ಹಿಂದೆ ನಿಂತು ಕರೆದೆ. ತಿರುಗಲಿಲ್ಲ. ಬಾಯಿಗೆ ಬಂದದ್ದೆಲ್ಲ ಬೈದೆ, ಅವನ ತಾತ ಮುತ್ತಾತನನ್ನೂ ಬಿಡಲಿಲ್ಲ. ಪುಣ್ಯಾತ್ಮ ಅದೇ ಸಮಾಧಾನದಲ್ಲಿ ಒರೆಸುತ್ತಿದ್ದ. ಸಾವ್ಕಾರರು ಬರುವುದು ಕಂಡು ಎದ್ದ, ನನ್ನನ್ನೂ ಕಂಡ. ನಾನು ಫಿಲ್ಟರಿನಿಂದ ತೆಗೆದ ನಾರಿನ ಉಂಡೆಯನ್ನು ಅವರಿಬ್ಬರ ಮುಂದೆ ಹಿಡಿದೆ. "ಡಬ್ಬೀಲಿತ್ತು. ಮೇಸ್ತ್ರಿಗೆ ಕಿವಿ ಕೇಳಾಕಿಲ್ಲ ಸಾವ್ಕಾರ್ರೆ" ಅಂದೆ.

ಅವನ ಕಣ್ಣು ನನ್ನ ತುಟಿಯ ಮೇಲಿತ್ತು. ಅರ್ಥವಾಯಿತು ಅವನಿಗೆ. ಆಗಲಾದರೂ ಹೌದು ಅನ್ನಬಹುದಿತ್ತು... ನಗಾಡಿದ.

"ಇಂಜಿನ್ನು ಮಾತಾಡ್ಸಿದ ಕಿವಿ ಕಣ್ಲಾ ಇದು! ಸಾವ್ಕಾರ್ರೆ, ಡಬ್ಬಿ ಮುಚ್ಚಳ ಕಳ್ಕೊಂಡೋನು ಯಾರು ಅಂತ ನಿಮ್ ಡ್ರೈವರ್ನೇ ಕೇಳಿ."

ಸಾವ್ಕಾರರು ಮುಚ್ಚಳ ಎಲ್ಲೋ ಅನ್ನುವ ಹಾಗೆ ನನ್ನ ಕಡೆ ತಿರುಗಿದರು. ಆ ದಾರದ ಗಂಟು ಅವನದೇ, ಅವನ ಗ್ಯಾರೇಜಿನ ಪ್ರತಿ ಡಬ್ಬಿಯ ಮೇಲೂ ಅಂಥದ್ದೇ ಗಂಟು. ನೋಡುವ ಕಣ್ಣು ಬೇಕಲ್ಲ? ಕಿವುಡನನ್ನು ನಂಬಿದ ಕುರುಡ. ನಾನು ವಾದ ಮಾಡಲಿಲ್ಲ. ಕೀಯನ್ನು ನಾರಿನ ಉಂಡೆಯ ಸಮೇತ ಬಾನೆಟ್ಟಿನ ಮೇಲಿಟ್ಟು ಬಸ್ ಸ್ಟ್ಯಾಂಡಿಗೆ ನಡೆದೆ.

ಮೇಸ್ತ್ರಿ ಅಂದದ್ದೇ ಊರೆಲ್ಲ ಹರಡಿ, ತೋಳು ಸೋತವನು ಅಂತ ಹೆಸರು ಬಿತ್ತು. ಸೀಟು ಸಿಗಲಿಲ್ಲ. ಹಾಸನಕ್ಕೆ ಬಂದು ಇನ್ನೊಬ್ಬರ ಶೆಡ್ಡಿನಲ್ಲಿ ಸ್ಪ್ಯಾನರ್ ಹಿಡಿದು, ಕಡೆಗೆ ಈ ಶೆಡ್ಡು ಮಾಡಿಕೊಂಡೆ. ಸ್ಟೇರಿಂಗ್ ಕೆಲಸವೇ ನನ್ನ ಅನ್ನ. ಮೇಸ್ತ್ರಿ ಕೊನೆಯವರೆಗೂ ಆ ಸ್ಕ್ರೂಡ್ರೈವರ್ ಕಿವಿಗಿಟ್ಟುಕೊಂಡೇ ಇದ್ದನಂತೆ. ಸತ್ತಾಗ ಸುದ್ದಿ ಬಂತು, ನಾನು ಹೋಗಲಿಲ್ಲ. ಕಿವಿ ಹೋಗುವುದು ತಪ್ಪಲ್ಲ, ಇಂಜಿನ್ನಿನ ಪಕ್ಕ ಜೀವ ಸವೆಸಿದವರಿಗೆಲ್ಲ ಹೋಗುತ್ತದೆ. ಆದರೆ ಅದನ್ನು ಮುಚ್ಚಿಕೊಳ್ಳಲು ಇನ್ನೊಬ್ಬನ ತೋಳು ಕಡಿಯುವುದಿದೆಯಲ್ಲ...

ಆಲೂಗಡ್ಡೆ ಲಾರಿಯ ಡ್ರೈವರ್ ಸ್ಟೇರಿಂಗು ತಿರುಗಿಸುತ್ತಾ ನನ್ನ ಮುಖ ನೋಡುತ್ತಿದ್ದ. ನಾನು ಪಂಪಿನ ಮೇಲೆ ಕೈಯಿಟ್ಟೆ. ಅಂಗೈಗೆ ಪಂಪಿನ ನಡುಕ ಸಿಕ್ಕಿತು. ಸದ್ದು ಮಾತ್ರ... ಗೋಡೆಯಾಚೆ ಯಾರೋ ಉಸಿರಾಡಿದ ಹಾಗೆ. ಹೋದ ವರ್ಷ ಕಿವಿ ಇಷ್ಟು ಮಂದ ಇರಲಿಲ್ಲ. ಎಡಗಿವಿ ಮೊದಲೇ ಹೋಗಿತ್ತು, ಈಗ ಬಲಗಿವಿಯೂ ಹಿಂದೆಯೇ ಹೊರಟಿದೆ. ಬೆಂಚಿನ ಮೇಲೆ ಉದ್ದನೆಯ ಸ್ಕ್ರೂಡ್ರೈವರ್ ಇತ್ತು. ಮುಟ್ಟಲಿಲ್ಲ.

"ನಂಗೆ ಕಿವಿ ಕೇಳಾಕಿಲ್ಲ ಕಣಪ್ಪಾ. ಎಂಗೆ ಕೂಗ್ತೈತೆ, ನೀನೇ ಯೋಳು" ಅಂದೆ.

ಅವನು ಮೊದಲು ನಾಚಿದ. ಆಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ, ಕತ್ತಿನ ನರ ಉಬ್ಬುವ ಹಾಗೆ ಕೂಗಿ ತೋರಿಸಿದ. ರಸ್ತೆಯಲ್ಲಿ ಹೋಗುವವರು ನಿಂತು ನಕ್ಕರು. ನಾನು ಅವನ ಬಾಯಿ ನೋಡಿ, ಗಾಳಿ ಎಳೆಯುತ್ತಿದೆ ಅಂತ ತಿಳಿದು, ಪೈಪಿನ ಕ್ಲಿಪ್ಪಿಗೆ ಕೈ ಹಾಕಿದೆ.

ಇಷ್ಟೇ ಇತ್ತು. ಒಂದು ಮಾತು. ಅಷ್ಟು ದೊಡ್ಡ ಮೇಸ್ತ್ರಿಗೆ ಅದನ್ನು ಆಡಲು ಗಂಡಸುತನ ಇರಲಿಲ್ಲ.