ಎಲೆ ಬಿಟ್ಟು ಏಳದ ದೊಡ್ಡಮ್ಮ

ನನ್ನ ದೊಡ್ಡಮ್ಮನ ಬಲಗೈ ಬೆರಳುಗಳು ಊಟ ಮುಗಿದರೂ ಎಲೆ ಬಿಡುತ್ತಿರಲಿಲ್ಲ. ಒಂದು ಚಿಟಿಕೆ ಮೊಸರನ್ನವನ್ನು ಎಲೆಯ ನಡುವೆ ಉಳಿಸಿಕೊಂಡು, ಅತ್ತ ತಳ್ಳಿ, ಇತ್ತ ಎಳೆದು, ಸುಮ್ಮನೆ ಸುತ್ತಿಸುತ್ತಾ ಕೂತಿರುತ್ತಿದ್ದಳು. ಕೈಮೇಲಿನ ಮೊಸರು ಒಣಗಿ ಬಿಳಿ ಪರೆ ಕಟ್ಟುತ್ತಿತ್ತು. ನೋಡಿದವರಿಗೆ ಇನ್ನೂ ಉಣ್ಣುತ್ತಿದ್ದಾಳೆ ಅನ್ನಿಸಬೇಕು, ಅಷ್ಟೇ. ಆ ಅನ್ನ ಅವಳ ಬಾಯಿಗೆ ಹೋಗುತ್ತಿದ್ದುದು ಪಂಕ್ತಿಯಲ್ಲಿ ಕೊನೆಯವರು ಉಂಡು ಮುಗಿಸಿದ ಮೇಲೆ.

ಆ ಕೊನೆಯವಳು ಬಹುಮಟ್ಟಿಗೆ ನಾನೇ ಆಗಿರುತ್ತಿದ್ದೆ. ನಮ್ಮ ಕಡೆ ಮುದ್ದೆಯನ್ನು ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗುತ್ತಾರೆ. ನಾನು ಅಗಿಯುತ್ತಿದ್ದೆ. ನಗರಗೆರೆಯ ದೊಡ್ಡಮ್ಮನ ಮನೆಯಲ್ಲಿ ಮುದ್ದೆ ಅಗಿಯುವ ಮಗು ಎಂದರೆ ನೆಂಟರಿಷ್ಟರಿಗೆಲ್ಲ ತಮಾಷೆಯ ವಸ್ತು. ದೊಡ್ಡಮ್ಮ ಮಾತ್ರ ನಗುತ್ತಿರಲಿಲ್ಲ. ಎದುರಿಗೆ ಕೂತು, "ನಿಧಾನಕ್ಕೆ ಉಣ್ಣಮ್ಮಣ್ಣಿ, ನಂದೂ ಇನ್ನೂ ಆಗಿಲ್ಲ" ಅನ್ನುತ್ತಿದ್ದಳು.

ಒಮ್ಮೆ ಗೌರಿಬಿದನೂರಿನ ಛತ್ರದಲ್ಲಿ ಮದುವೆ ಊಟ. ನನ್ನ ಹೋಳಿಗೆ ಇನ್ನೂ ಅರ್ಧ ಇತ್ತು. ಆ ತುದಿಯಿಂದ ಎಲೆ ಎತ್ತುವವರು ಬರುತ್ತಿದ್ದರು. ಮುಂದಿನ ಪಂಕ್ತಿಯವರು ಆಗಲೇ ಬಂದು ನಮ್ಮ ಕುರ್ಚಿಗಳ ಬೆನ್ನು ಹಿಡಿದು ನಿಂತಿದ್ದರು. ಅವರ ಉಸಿರು ನನ್ನ ನೆತ್ತಿಗೆ ತಾಕುತ್ತಿತ್ತು. ನಾನು ಅಳುಮುಖ ಮಾಡಿಕೊಂಡು ಏಳಹೊರಟೆ. ದೊಡ್ಡಮ್ಮ ಎಡಗೈಯಿಂದ ನನ್ನ ತೊಡೆ ಅದುಮಿ ಕೂರಿಸಿದಳು. ಹಿಂದೆ ತಿರುಗಿಯೂ ನೋಡದೆ, "ಮಗು ಉಣ್ತಾ ಇದೆ, ಕಾಣ್ಸಲ್ವೇನ್ರಪ್ಪಾ?" ಅಂದಳು. ಅವಳು ಏಳಲಿಲ್ಲವಾದ್ದರಿಂದ ಅವಳ ಸಾಲಿನ ಯಾರೂ ಏಳಲಿಲ್ಲ. ಎಲೆ ಎತ್ತುವವರು ಬಕೆಟ್ಟು ಕೆಳಗಿಟ್ಟು ಬೆವರು ಒರೆಸಿಕೊಂಡರು. ಆ ಹೋಳಿಗೆಯ ರುಚಿ ನನಗೆ ಇವತ್ತಿಗೂ ನೆನಪಿದೆ.

ಅವಳು ನನ್ನ ಅಮ್ಮನ ಅಕ್ಕ. ದೊಡ್ಡ ಹೊಲಮನೆಯ ಯಜಮಾನಿ. ನಮ್ಮ ಜೊತೆ ಕನ್ನಡ ಮಾತಾಡುವಳು; ಕಾಗೆ, ಎಮ್ಮೆ ಮತ್ತು ತನಗೆ ಸಿಟ್ಟು ಬರಿಸಿದವರ ಜೊತೆ ತೆಲುಗು. ಆಂಧ್ರದ ಹಿಂದೂಪುರ ಪಕ್ಕದಲ್ಲೇ ಇದೆಯಲ್ಲ. ಯಾರನ್ನಾದರೂ ಬಸ್ಸು ಹತ್ತಿಸಿದರೆ ಬಸ್ಸು ತಿರುವು ದಾಟುವವರೆಗೆ ನಿಲ್ಲುವಳು. ರಾಗಿ ಬೀಸಿಸಲು ಹೋದರೆ, ತನ್ನ ಹಿಟ್ಟು ಆದ ಮೇಲೂ ಸಾಲಿನ ಕೊನೆಯ ಹೆಂಗಸಿನದು ಮುಗಿಯುವವರೆಗೆ ಮಿಲ್ಲಿನ ಜಗಲಿಯಲ್ಲೇ ಕೂತಿರುವಳು. ಮಿಲ್ಲಿನವನು ಬಾಗಿಲು ಹಾಕಲು ಅವಸರ ಪಟ್ಟರೆ, "ಏಮಯ್ಯಾ" ಎಂದು ಒಂದೇ ಸಲ ಅಂದರೆ ಸಾಕಾಗುತ್ತಿತ್ತು.

ಇಂಥವಳು ನನ್ನ ಸೈಕಲ್ ಹುಚ್ಚಿಗೂ ಬಂದು ಸೇರಿಕೊಂಡ ಕಥೆಯೇ ಬೇರೆ.

ನಾನು ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ನಲವತ್ತು ದಾಟಿದ ಮೇಲೆ, ವರ್ಗವಾಗಿ ಹೋಗುತ್ತಿದ್ದ ಸಹೋದ್ಯೋಗಿಯೊಬ್ಬರ ಸೈಕಲ್ಲು ನನ್ನ ಪಾಲಿಗೆ ಬಂತು. ಅದು ಸೈಕ್ಲೋಕ್ರಾಸ್ ಸೈಕಲ್ಲು. ಅದನ್ನು ಓಡಿಸುವವರು ಒಳ್ಳೆಯ ರಸ್ತೆ ಬಿಟ್ಟು ಹುಲ್ಲು, ಮರಳು, ಕೆಸರು ಹುಡುಕಿಕೊಂಡು ಹೋಗುತ್ತಾರೆ. ಒಂದೇ ದಾರಿಯಲ್ಲಿ ಸುತ್ತು ಹೊಡೆಯುತ್ತಾರೆ. ನಡುವೆ ಅಡ್ಡ ಹಲಗೆ ಬಂದರೆ ಇಳಿದು, ಸೈಕಲ್ಲನ್ನು ಹೆಗಲಿಗೇರಿಸಿ ಓಡುತ್ತಾರೆ. ಇದನ್ನೆಲ್ಲ ವಿವರಿಸಿದಾಗ ದೊಡ್ಡಮ್ಮ ಗಲ್ಲಕ್ಕೆ ಕೈಹಚ್ಚಿ ಕೇಳಿದ್ದಳು: "ಹೊತ್ಕೊಂಡ್ ಓಡೋದಾದ್ರೆ ಸೈಕಲ್ ಯಾಕಮ್ಮ, ಹುಲ್ಲಿನ ಹೊರೆ ಇತ್ತಲ್ಲ ನಮ್ಮನೇಲಿ?"

ಆ ಚಳಿಗಾಲ ನಮ್ಮ ಸೀಮೆಯ ಹವ್ಯಾಸಿಗಳು ಸೇರಿ ಭಾನುವಾರಗಳಲ್ಲಿ ಸ್ಪರ್ಧೆ ನಡೆಸುತ್ತಿದ್ದರು. ಊರಿನ ಹಲ್ಲಿನ ಡಾಕ್ಟರೊಬ್ಬರು ಅದರ ಮುಂದಾಳು. ನಿಯಮಗಳೆಲ್ಲ ಅವರದೇ. ಅದರಲ್ಲಿ ಒಂದು ನಿಯಮ ನನ್ನ ಪಾಲಿಗೆ ಶನಿಯಾಗಿತ್ತು. ಎಲ್ಲರಿಗಿಂತ ಮುಂದಿರುವವನು ಒಂದು ಸುತ್ತು ಹೆಚ್ಚಿಗೆ ಹೊಡೆದು ಹಿಂದಿನಿಂದ ಬಂದು ನಮ್ಮನ್ನು ದಾಟಿದನೋ, ನಾವು ಅಲ್ಲಿಗೆ ಇಳಿಯಬೇಕು. ಡಾಕ್ಟರು ಸೀಟಿ ಊದಿ ಕೆಂಪು ಬಾವುಟ ಅಡ್ಡ ಹಿಡಿಯುತ್ತಿದ್ದರು. ಕೊನೆಯ ಸುತ್ತು ಶುರುವಾದಾಗ ಒಂದು ಗಂಟೆ ಬಾರಿಸುತ್ತಾರೆ. ಆ ಗಂಟೆಯನ್ನು ಸೈಕಲ್ಲಿನ ಮೇಲೆ ಕೂತು ಕೇಳುವ ಭಾಗ್ಯ ನನಗೆ ಬರಲೇ ಇಲ್ಲ. ಚಿಂತಾಮಣಿಯ ಹುಣಸೆ ತೋಪಿನಲ್ಲಿ ಸೀಟಿ. ಶಿಡ್ಲಘಟ್ಟದ ಹಿಪ್ಪುನೇರಳೆ ತೋಟಗಳ ನಡುವೆ ಕೆಸರಿನಲ್ಲಿ ಮಂಡಿಯವರೆಗೆ ಹೂತು, ಚಪ್ಪಾಳೆ ಗಿಟ್ಟಿಸಿ, ಆಮೇಲೆ ಸೀಟಿ. ಪ್ರತಿ ಸಲ ಸೈಕಲ್ಲು ತಳ್ಳಿಕೊಂಡು, ದಾರಿಯ ಅಂಚಿಗೆ ಕಟ್ಟಿದ ಹಗ್ಗದ ಆಚೆ ಬಂದು ನಿಂತರೆ, ಜನ ಬಹಳ ಮರ್ಯಾದೆಯಿಂದ, "ಮೊದಲ ಸೀಸನ್ ಅಲ್ವಾ ಮೇಡಂ" ಅನ್ನುತ್ತಿದ್ದರು. ಬೈದಿದ್ದರೆ ಇದಕ್ಕಿಂತ ವಾಸಿ ಇತ್ತು.

ಕಳವಾರ ಊರಿನ ಸ್ಪರ್ಧೆಯ ಹೊತ್ತಿಗೆ ದೊಡ್ಡಮ್ಮ ಕಣ್ಣಿನ ಪೊರೆ ತೆಗೆಸಿಕೊಂಡು ನಮ್ಮ ಮನೆಯಲ್ಲಿದ್ದಳು. ಕಪ್ಪು ಕನ್ನಡಕ ಹಾಕಿಕೊಂಡು, ಶಾಲು ಹೊದ್ದು, ಬೆಟ್ಟದ ಬುಡದಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನೋಡಿದಳು. ಹೊಸ ಕಣ್ಣಿಗೆ ಎಲ್ಲ ಸ್ಪಷ್ಟವಾಗಿಯೇ ಕಂಡಿರಬೇಕು. ಸೀಟಿ ಊದಿ ನನ್ನನ್ನು ಇಳಿಸಿದಾಗ ಅವಳ ಹತ್ತಿರ ಬಂದೆ.

"ಅವ್ನ್ಯಾಕೆ ಅಡ್ಡ ಬಂದ?"

"ಹಿಂದೆ ಬಿದ್ದೆ ದೊಡ್ಡಮ್ಮ. ಹಿಂದೆ ಬಿದ್ದೋರು ಇಳೀಬೇಕು."

"ಹಿಂದಿದ್ರೆ ಏನಾಯ್ತು? ಹಿಂದಿರೋರು ಹಿಂದಿಂದ ಬರ್ತಾರೆ ತಾನೆ?"

ನಾನು ಬಗ್ಗಿ ಚಕ್ರಕ್ಕೆ ಮೆತ್ತಿದ್ದ ಕೆಸರು ಕೆರೆಯತೊಡಗಿದೆ. ಮನೆಗೆ ಬಂದು ಊಟಕ್ಕೆ ಕೂತಾಗ, ಇನ್ನೊಂದೇ ಸ್ಪರ್ಧೆ ಉಳಿದಿದೆ, ಅಲ್ಲೂ ಇಳಿಸಿದರೆ ಸೈಕಲ್ಲನ್ನು ಯಾರಿಗಾದರೂ ಕೊಟ್ಟುಬಿಡುತ್ತೇನೆ ಅಂದೆ. ಬೇಸರದ ಮಾತಲ್ಲ, ನಿರ್ಧಾರವನ್ನೇ ಹೇಳಿದ್ದೆ. ದೊಡ್ಡಮ್ಮ ಬೆರಳಲ್ಲಿ ಅನ್ನ ಸುತ್ತಿಸುತ್ತಾ, "ಎಲೆ ಮುಂದಿಂದ ಎಬ್ಬಿಸಿಬಿಟ್ರಲ್ಲ ಮಗೂನ" ಎಂದು ತನಗೆ ತಾನೇ ಹೇಳಿಕೊಂಡಳು.

ಕೊನೆಯ ಸ್ಪರ್ಧೆ ಚಿಕ್ಕಬಳ್ಳಾಪುರದ ಹತ್ತಿರದ ಒಂದು ಕೆರೆಯಂಗಳದಲ್ಲಿ ನಡೆಯಬೇಕಿತ್ತು. ಅಕಾಲದ ಮಳೆ ಬಂದು ಅಲ್ಲಿ ನೀರು ನಿಂತುಬಿಟ್ಟಿತು. ಎಲ್ಲಾದರೂ ಖಾಲಿ ಹೊಲ ಸಿಕ್ಕೀತೇ ಎಂದು ಡಾಕ್ಟರು ವಾಟ್ಸಾಪಿನಲ್ಲಿ ಕೇಳಿದ್ದರು. ನಾನು ಅದನ್ನು ನನ್ನ ಗಂಡನಿಗೆ ಓದಿ ಹೇಳುತ್ತಿದ್ದೆ. ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ದೊಡ್ಡಮ್ಮ ತಲೆ ಎತ್ತದೆ, "ನಮ್ದು ರಾಗಿ ಕೊಯ್ದಾಯ್ತು. ಕೊಡಣ. ಆ ಡಾಕ್ಟ್ರಿಗೆ ಬಂದು ನೋಡಕ್ಕೇಳು" ಅಂದಳು.

ಡಾಕ್ಟರು ನಗರಗೆರೆಗೆ ಬಂದರು. ಹೊಲ ನೋಡಿ ಹಿಗ್ಗಿ ಹೀರೇಕಾಯಿಯಾದರು. ಏರುಪೇರು ಇತ್ತು, ಸೈಕಲ್ಲು ಹೊತ್ತು ಹತ್ತಲು ಎತ್ತರದ ಬದು ಇತ್ತು, ಬೋರ್‌ವೆಲ್ ಬಿಟ್ಟರೆ ಬೇಕಾದಷ್ಟು ಕೆಸರು. ದೊಡ್ಡಮ್ಮನ ಮಗ, ನನ್ನ ಅಣ್ಣ, "ಕೆಸರು ಮಾಡ್ಕೊಡೋದಂತೆ!" ಎಂದು ನಗುತ್ತಾ ಪೈಪು ಎಳೆದುಕೊಡಲು ಒಪ್ಪಿದ. ದೊಡ್ಡಮ್ಮ ಕಾಫಿ ಕೊಟ್ಟು, ಅವರು ಕುಡಿದು ಲೋಟ ಕೆಳಗಿಡುವವರೆಗೆ ಕಾದು, ಬಾಯಿಬಿಟ್ಟಳು.

"ಒಂದೇ ಮಾತು ಡಾಕ್ಟ್ರೇ. ನಮ್ಮ ಹೊಲಕ್ಕೆ ಇಳಿದೋರ್ನ ಯಾರ್ನೂ ಅರ್ಧದಲ್ಲಿ ಎಬ್ಬಿಸ್ಬಾರ್ದು."

ಡಾಕ್ಟರು ನನ್ನತ್ತ ನೋಡಿದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ. "ಅಮ್ಮಾ, ಅದು ನಿಯಮ. ಹಿಂದಿರೋರು ಮುಂದಿನೋರಿಗೆ ಅಡ್ಡ ಆಗ್ತಾರೆ" ಎಂದು ಅವರು ತಾಳ್ಮೆಯಿಂದ ವಿವರಿಸಿದರು.

"ಪಕ್ಕಕ್ಕೆ ಸರ್ಕೊಂತಾರೆ. ಹೊಲ ಅಗಲವಾಗಿದೆ. ಕೊನೇವ್ರು ಮುಗಿಸೋವರ್ಗೂ ಮೊದಲ್ನೇವ್ರು ಕಾಯ್ಲಿ. ಆಮೇಲೆ ಎಲ್ರಿಗೂ ನಮ್ಮನೇದೇ ಊಟ."

ಊಟದ ಮಾತು ಬಂದ ಮೇಲೆ ಡಾಕ್ಟರ ನಿಯಮ ಸಡಿಲವಾಯಿತು.

ಆ ಭಾನುವಾರ ನಾನು ಇಡೀ ದಾರಿ ಅವಳನ್ನು ಮನಸ್ಸಿನಲ್ಲೇ ಬೈದುಕೊಂಡೆ. ಇಷ್ಟು ದಿನ ಸೀಟಿಯಾದರೂ ಇತ್ತು. ಸೋತದ್ದಕ್ಕೆ ಅದರ ಮೇಲೆ ಗೂಬೆ ಕೂರಿಸಬಹುದಿತ್ತು. ಈಗ ಇಳಿಸುವವರಿಲ್ಲ. ಇಳಿದರೆ ನಾನೇ ಇಳಿಯಬೇಕು, ಇಳಿಯದಿದ್ದರೆ ಊರಿಗೆ ಊರೇ ನನಗಾಗಿ ಕಾಯಬೇಕು. ಎರಡೂ ಬೇಡವೆಂದರೆ ಮೂರನೆಯ ದಾರಿ ಇರಲಿಲ್ಲ.

ಮುಂದಿದ್ದವರು ಒಬ್ಬೊಬ್ಬರಾಗಿ ನನ್ನನ್ನು ದಾಟಿ ಹೋದರು. ನಾನು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ಗಂಟೆ ಬಾರಿಸಿದರು, ಅವರಿಗೆ. ಒಬ್ಬೊಬ್ಬರೇ ಮುಗಿಸಿ, ಹಗ್ಗದ ಆಚೆ ನೀರು ಕುಡಿಯುತ್ತಾ ನಿಂತರು. ಹೊಲದಲ್ಲಿ ನಾನೊಬ್ಬಳೇ ಉಳಿದೆ, ರಾಗಿಯ ಕೂಳೆಗಳ ನಡುವೆ ಕುಲುಕುತ್ತಾ. ಬಿಸಿಲು ಏರಿತ್ತು. ಪಂಪ್‌ಹೌಸಿನ ಹತ್ತಿರ ಹಿತಕಿದ ಅವರೆಬೇಳೆ ಸಾರಿನ ಘಮಲು. ಅಷ್ಟು ಜನ ಹಸಿದು ನನ್ನನ್ನೇ ನೋಡುತ್ತಿದ್ದಾರೆ. ಬದು ಹತ್ತುವಾಗ ಹೆಗಲ ಮೇಲಿನ ಸೈಕಲ್ಲು ಕಬ್ಬಿಣದ ಮಂಚದಷ್ಟು ಭಾರವಾಯಿತು. ಇಷ್ಟಕ್ಕೆ ಸಾಕು, ಕಾಲು ಹಿಡಿದುಕೊಂಡಿತು ಅಂತ ಹೇಳಿದರಾಯಿತು ಎಂದುಕೊಂಡು ಅದನ್ನು ಕೆಳಗಿಳಿಸಿದೆ.

ಬದುವಿನ ಮೇಲಿಂದ ಪಂಪ್‌ಹೌಸಿನ ಜಗಲಿ ಕಾಣುತ್ತಿತ್ತು. ಅಲ್ಲಿ ದೊಡ್ಡಮ್ಮ ಮುತ್ತುಗದ ಎಲೆ ಮುಂದಿಟ್ಟುಕೊಂಡು ಕೂತಿದ್ದಳು. ಸಕ್ಕರೆ ಕಾಯಿಲೆಯ ಮಾತ್ರೆಗೆ ಹೊತ್ತಿಗೆ ಸರಿಯಾಗಿ ಉಣ್ಣಬೇಕಿತ್ತು, ಹಾಗಾಗಿ ಅವಳೊಬ್ಬಳಿಗೆ ಮೊದಲೇ ಬಡಿಸಿದ್ದರು. ಊಟ ಯಾವಾಗಲೋ ಮುಗಿದಿತ್ತು. ಅವಳ ಬೆರಳು ಎಲೆಯ ಮೇಲೆ ಸುತ್ತುತ್ತಿತ್ತು.

ನನ್ನನ್ನು ಕಂಡಳು. ಅಷ್ಟು ದೂರದಿಂದಲೇ ಕೂಗಿದಳು: "ನಿಧಾನಕ್ಕೆ ಬಾರಮ್ಮಣ್ಣಿ, ನಂದೂ ಇನ್ನೂ ಆಗಿಲ್ಲ!"

ನನಗೆ ನಗು ಬಂತು, ಅಳುವೂ ಬಂತು. ಸೈಕಲ್ಲು ಹತ್ತಿದೆ.

ಆರಂಭದ ಗೆರೆಯ ಹತ್ತಿರ ಬಂದಾಗ ನನಗೆ ಒಂದು ಸುತ್ತು ಉಳಿದಿತ್ತು. ಡಾಕ್ಟರ ಗಂಟೆ ಆಗಲೇ ಕಾರಿನ ಡಿಕ್ಕಿ ಸೇರಿತ್ತು. ಅವರು ಅದನ್ನು ಹುಡುಕಲು ಓಡುವಷ್ಟರಲ್ಲಿ, ದೊಡ್ಡಮ್ಮ ಎಂಜಲು ಕೈಯನ್ನು ಎಲೆಯ ಮೇಲೆಯೇ ಬಿಟ್ಟು, ಎಡಗೈಯಲ್ಲಿ ಸೌಟು ಹಿಡಿದು, ಪಕ್ಕದ ಅನ್ನದ ಪಾತ್ರೆಯ ಮುಚ್ಚಳಕ್ಕೆ ಬಡಿದಳು. ಢಣ ಢಣ ಢಣ. ಹಸಿದವರೆಲ್ಲ ಹಗ್ಗಕ್ಕೆ ಬಂದು ನಿಂತು ಕಿರುಚಿದರು. ಗೆದ್ದವನಂತೂ, "ಮೇಡಂ, ಬೇಗ ಬನ್ನಿ, ಮುದ್ದೆ ಆರೋಗುತ್ತೆ" ಎಂದು ನನ್ನ ಪಕ್ಕದಲ್ಲೇ ಸ್ವಲ್ಪ ದೂರ ಓಡಿ ಬಂದ.

ಮುಗಿಸಿದೆ. ಹಗ್ಗ ದಾಟಿ ಕೂಳೆಯ ಮೇಲೆ ಕೂತುಬಿಟ್ಟೆ. ಇಡೀ ಚಳಿಗಾಲ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದಿತ್ತು. ತಲೆ ಎತ್ತಿದಾಗ ದೊಡ್ಡಮ್ಮ ಆ ಕೊನೆಯ ಚಿಟಿಕೆ ಅನ್ನವನ್ನು ಬಾಯಿಗೆ ಹಾಕಿಕೊಂಡು ಎಲೆ ಮಡಿಸುತ್ತಿದ್ದಳು. ಆಮೇಲೆ ಎಲ್ಲರಿಗೂ ಎಲೆ ಬಿತ್ತು. ನಾನು ಮುದ್ದೆ ಅಗಿದೇ ತಿಂದೆ, ಮತ್ತು ಡಾಕ್ಟರು ನನ್ನ ಊಟ ಆಗುವವರೆಗೆ ಏಳಲಿಲ್ಲ. ಆ ಕೆಂಪು ಬಾವುಟ ಆಮೇಲೆ ನಮ್ಮ ಸ್ಪರ್ಧೆಗಳಲ್ಲಿ ಕಾಣಿಸಿಕೊಳ್ಳಲಿಲ್ಲ.

ದೊಡ್ಡಮ್ಮ ಈ ವರ್ಷ ಮಳೆ ಹಿಡಿಯುವ ಮುಂಚೆ ಹೋದಳು. ನರಳಲಿಲ್ಲ. ಬೆಳಿಗ್ಗೆ ಕಾಫಿ ಕುಡಿದು ಜಗಲಿಗೆ ಒರಗಿದವಳು ಹಾಗೇ ಕಣ್ಣು ಮುಚ್ಚಿದಳು. ಅತ್ತಿದ್ದೇನೆ, ಆದರೆ ಅವಳನ್ನು ನೆನೆದರೆ ಮನಸ್ಸಿಗೆ ನಿರಾಳವೇ ಆಗುತ್ತದೆ. ಅದಕ್ಕೆ ಕಾರಣ, ಅವಳು ಹೋಗುವ ಕೆಲವು ವಾರ ಮುಂಚಿನ ಒಂದು ಊಟ.

ಅಷ್ಟು ಹೊತ್ತಿಗೆ ಅವಳಿಗೆ ಕೈ ಸೋತಿತ್ತು. ತುತ್ತು ನುಂಗುವುದು ಬಹಳ ನಿಧಾನವಾಗಿತ್ತು. ಎಲ್ಲರ ಊಟ ಮುಗಿಯುವಾಗ ಅವಳ ತಟ್ಟೆಯಲ್ಲಿ ಅರ್ಧ ಹಾಗೇ ಇರುತ್ತಿತ್ತು. ಬೇರೆಯವರನ್ನು ಕಾಯಿಸಬಾರದೆಂದು, "ಪೋನೀಲೇ, ಹೋಗ್ಲಿ ಬಿಡು, ಸಾಕು" ಎಂದು ಕೈ ಒರೆಸಿಕೊಂಡುಬಿಡುತ್ತಾಳೆ, ಸೊರಗುತ್ತಿದ್ದಾಳೆ ಎಂದು ಅಣ್ಣ ಫೋನಿನಲ್ಲಿ ಹೇಳಿದ್ದ. ನಾನು ಹೋದೆ. ಅವಳ ಎದುರಿಗೆ ಕೂತು ಉಂಡೆ. ಒಬ್ಬೊಬ್ಬರೇ ಎದ್ದು ಹೋದರು. ದೊಡ್ಡಮ್ಮ ತಟ್ಟೆ ಸರಿಸಲು ಹೊರಟು, ನನ್ನ ಕೈ ನೋಡಿ ತಡೆದುಕೊಂಡಳು. ನನ್ನ ತಟ್ಟೆಯಲ್ಲಿ ಒಂದು ಚಿಟಿಕೆ ಮೊಸರನ್ನವಿತ್ತು. ಅದನ್ನು ನಾನು ಬೆರಳಲ್ಲಿ ಸುತ್ತಿಸುತ್ತಿದ್ದೆ.

"ಕಳ್ಳಿ" ಅಂದಳು. "ಎದ್ದೇಳು, ಕೈ ಒಣಗ್ತದೆ."

"ನಂದೂ ಇನ್ನೂ ಆಗಿಲ್ಲ ದೊಡ್ಡಮ್ಮ. ನಿಧಾನಕ್ಕೆ ಉಣ್ಣು."

ಅವಳು ತಟ್ಟೆಯನ್ನು ಮತ್ತೆ ಹತ್ತಿರ ಎಳೆದುಕೊಂಡಳು. ಹೊರಗೆ ಎಮ್ಮೆ ಕೂಗಿದರೂ, ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತರೂ ನಾವು ಏಳಲಿಲ್ಲ. ಅವಳು ಪೂರ್ತಿ ಉಂಡಳು, ಒಂದು ಅಗುಳೂ ಬಿಡದೆ. ನನ್ನ ಕೈಮೇಲೆ ಮೊಸರು ಒಣಗಿ ಬಿಳಿ ಪರೆ ಕಟ್ಟಿತ್ತು. ಉಳಿದಿದ್ದ ಆ ಚಿಟಿಕೆಯನ್ನು ಆಗ ಬಾಯಿಗೆ ಹಾಕಿಕೊಂಡೆ. ಇಬ್ಬರೂ ಒಟ್ಟಿಗೇ ಕೈ ತೊಳೆಯಲು ಎದ್ದೆವು.